ಪಲಿತನ ಲೆಕ್ಕಾಚಾರ

ನಾಯಿಗೆ ನಿಯತ್ತು, ಬೆಕ್ಕಿಗೆ ಬರೀ ಹೊಟ್ಟೆ ಎಂಬುದು ನಮ್ಮಲ್ಲಿ ಹಳೆಯ ತೀರ್ಪು. ಅಡ್ಡ ಬಂದರೆ ಅಪಶಕುನ, ಒಳಗೆ ಬಂದರೆ ಹಾಲುಗಳ್ಳ, ಕಣ್ಣು ಮುಚ್ಚಿ ಕೂತರೆ ಕಪಟ ಸನ್ಯಾಸಿ. ಮಹಾಬಲಿಪುರದ ಬಂಡೆಯ ಮೇಲೂ ಏಳನೆಯ ಶತಮಾನದ ಪಲ್ಲವ ಶಿಲ್ಪಿ, ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಬುಡದಲ್ಲಿ ಇಲಿಗಳನ್ನೂ ಕಡೆದು ಈ ಚಾಡಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ್ದಾನೆ. ಆದರೆ ಬೀದಿಬೆಕ್ಕೊಂದರ ವಿಶ್ವಾಸ ಗಳಿಸಬೇಕೆಂದು ಹೊರಟವರು ನೆನಪಿಟ್ಟುಕೊಳ್ಳಬೇಕಾದ ಕಥೆ ಬೇರೆಯದು. ಅದು ಶಾಂತಿಪರ್ವದಲ್ಲಿ ಭೀಷ್ಮ ಯುಧಿಷ್ಠಿರನಿಗೆ ಹೇಳುವ ಪಲಿತನೆಂಬ ಇಲಿಯ ಕಥೆ. ಒಂದು ಕಡೆ ಮುಂಗುಸಿ, ಇನ್ನೊಂದು ಕಡೆ ಗೂಬೆ; ನಡುವೆ ಸಿಕ್ಕಿಬಿದ್ದ ಪಲಿತ, ಬಲೆಗೆ ಬಿದ್ದಿದ್ದ ಲೋಮಶನೆಂಬ ಬೆಕ್ಕಿನ ಮಗ್ಗುಲಲ್ಲೇ ಅಡಗಿ ಜೀವ ಉಳಿಸಿಕೊಳ್ಳುತ್ತಾನೆ, ಪ್ರತಿಯಾಗಿ ಬಲೆ ಕಡಿಯಲು ಒಪ್ಪುತ್ತಾನೆ. ಆದರೆ ಬೇಡ ಹತ್ತಿರ ಬರುವ ತನಕ ಕೊನೆಯ ಎಳೆಯನ್ನು ಕಡಿಯುವುದಿಲ್ಲ. ಬಿಡಿಸಿಕೊಂಡ ಬೆಕ್ಕಿಗೆ ಓಡುವುದೊಂದೇ ಗ್ಯಾನವಿರಲಿ ಎಂಬ ಲೆಕ್ಕ. ಆಮೇಲೆ ಲೋಮಶ ಎಷ್ಟು ಬಣ್ಣದ ಮಾತಾಡಿ ಕರೆದರೂ ಬಿಲದಿಂದ ಹೊರಗೆ ಬರುವುದಿಲ್ಲ. ಹಿತ್ತಲಿನ ಕಾಂಪೌಂಡಿನ ಮೇಲೆ ಕೂತು ನಮ್ಮನ್ನು ಅಳೆಯುವ ಬೆಕ್ಕನ್ನು ನಾವು ಲೋಮಶನೆಂದುಕೊಂಡಿದ್ದೇವೆ. ಅದು ಪಲಿತ, ಅದಕ್ಕಿಂತ ಹತ್ತು ಪಟ್ಟು ದೊಡ್ಡವರಾದ ನಾವೇ ಲೋಮಶ. ಹೀಗೆ ಪಾತ್ರ ಅದಲುಬದಲಾದರೆ ನಂಬಿಕೆ ಗಳಿಸುವ ಬಗೆಯೂ ಬದಲಾಗುತ್ತದೆ. ಬಲವಂತನಾದವನು ಎಷ್ಟು ಮುದ್ದು ಮಾಡುತ್ತಾನೆಂಬುದು ಅಲ್ಲಿ ಗಣನೆಗೆ ಬಾರದು. ಬಿಲದ ಬಾಯನ್ನು ಅವನು ತೆರೆದೇ ಇಟ್ಟಿದ್ದಾನೆಯೇ, ನಿನ್ನೆ ನಡೆದುಕೊಂಡಂತೆ ಇವತ್ತೂ ನಡೆದುಕೊಳ್ಳುತ್ತಾನೆಯೇ ಎಂಬುದಷ್ಟೇ ಬರುತ್ತದೆ.

ಬೆಕ್ಕಿನ ವಂಶಚರಿತ್ರೆಯೂ ಇದನ್ನೇ ಹೇಳುತ್ತದೆ. ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಆ ಕಾಡುಬೆಕ್ಕು ಒಂಟಿ ಬೇಟೆಗಾರ. ತೋಳದ ಹಾಗೆ ಅದಕ್ಕೆ ಗುಂಪಿಲ್ಲ, ಯಜಮಾನನಿಲ್ಲ, ಆದ್ದರಿಂದ ಯಜಮಾನನ ಜಾಗದಲ್ಲಿ ಮನುಷ್ಯ ಹೋಗಿ ಕೂರುವ ಅವಕಾಶವೂ ಇರಲಿಲ್ಲ. ಜನ ಬೆಳೆದರು, ಬೆಳೆದದ್ದನ್ನು ಕೂಡಿಟ್ಟರು, ಕೂಡಿಟ್ಟಲ್ಲಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಮನುಷ್ಯರ ಸದ್ದಿಗೆ ತುಸು ಕಡಿಮೆ ಬೆದರುವ ಬೆಕ್ಕುಗಳಿಗೆ ಕಣಜದ ಹತ್ತಿರ ಹೆಚ್ಚು ಊಟ ಸಿಕ್ಕಿತು, ಅವುಗಳ ಮರಿಗಳು ಹೆಚ್ಚು ಉಳಿದವು. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಅಸ್ಥಿಯಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಬೆಕ್ಕಿನ ಇಡೀ ಅಸ್ಥಿಪಂಜರ ಸಿಕ್ಕಿತು; 2004ರಲ್ಲಿ ಅದರ ವಿವರ ಪ್ರಕಟವಾಯಿತು. ಆ ದ್ವೀಪಕ್ಕೆ ಬೆಕ್ಕು ಮೂಲನಿವಾಸಿಯಲ್ಲ, ಅಂದರೆ ಯಾರೋ ದೋಣಿಯಲ್ಲಿ ಕೊಂಡೊಯ್ದಿರಬೇಕು. ಒಲ್ಲದ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ಆಟೋದಲ್ಲಿ ಪಶುವೈದ್ಯರ ಬಳಿಗೆ ಒಯ್ಯುವುದೇ ಎಷ್ಟು ಪಾಡು ಎಂದು ಬಲ್ಲವರು ಆ ಸಮುದ್ರಯಾನವನ್ನು ಊಹಿಸಿಕೊಳ್ಳಬಹುದು. ನಂಬಿಕೆ ಆಗಲೇ ಇತ್ತು, ಆದರೆ ರಕ್ತದಲ್ಲಿ ಸ್ಥಿರವಾಗಿರಲಿಲ್ಲ. ಇಂದಿಗೂ ಇಲ್ಲ. ಪ್ರತಿ ಮರಿಯೂ ಮನುಷ್ಯನನ್ನು ಮೊದಲಿನಿಂದ ಕಲಿಯಬೇಕು.

ಕಲಿಯುವ ಗಡುವು ಬಹಳ ಚಿಕ್ಕದು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಕೈಯಾಡಿಸಿಕೊಂಡು ಬೆಳೆದ ಮರಿ ಮನುಷ್ಯನನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಆ ಕಾಲ ದಾಟಿದ ಮೇಲೆ ಅದೇ ಕೆಲಸಕ್ಕೆ ಹಲವು ಪಟ್ಟು ತಾಳ್ಮೆ ಬೇಕು. ಅದಕ್ಕೂ ಮುಂಚೆ, 1967ರಲ್ಲೇ, ಐದು ಜನರ ಕೈಯಲ್ಲಿ ಬೆಳೆದ ಮರಿಗಳು ಅಪರಿಚಿತರಿಗೆ ಕಡಿಮೆ ಹೆದರುತ್ತವೆ, ಒಬ್ಬರ ಕೈಯಲ್ಲೇ ಬೆಳೆದವು ಹೆಚ್ಚು ಹೆದರುತ್ತವೆ ಎಂದು ಇನ್ನೊಂದು ಪ್ರಯೋಗ ಕಂಡುಕೊಂಡಿತ್ತು. ಹಾಗಾದರೆ ಬೀದಿಯಲ್ಲಿ ಹುಟ್ಟಿ ಬೆಳೆದ ಬೆಕ್ಕಿನ ಹಿಂದೆ ಬೀಳುವುದು ವ್ಯರ್ಥವಲ್ಲವೇ ಎಂದು ಕೇಳಬಹುದು. ಮಡಿಲಲ್ಲಿ ಮಲಗಿಸಿಕೊಳ್ಳುವುದೇ ಗುರಿಯಾದರೆ ಬಹುಪಾಲು ವ್ಯರ್ಥವೇ. ಮನೆ ಬಿಟ್ಟುಹೋದವರ ಬೆಕ್ಕು, ದಾರಿ ತಪ್ಪಿದ ಬೆಕ್ಕು ಬೇರೆ. ಅದಕ್ಕೆ ಹಳೆಯ ಪಾಠ ನೆನಪಿದೆ, ಕೆಲವು ವಾರಗಳಲ್ಲಿ ಕಾಲಿಗೆ ಮೈ ಉಜ್ಜೀತು. ಚರಂಡಿಯ ಸಂದಿಯಲ್ಲಿ ಹುಟ್ಟಿದ್ದಕ್ಕೆ ಆ ಪಾಠವೇ ಆಗಿಲ್ಲ. ಆದರೂ ಅದು ಒಬ್ಬ ಮನುಷ್ಯನನ್ನು, ಒಂದು ಹೊತ್ತನ್ನು, ಒಂದು ತಟ್ಟೆಯನ್ನು ಕಲಿಯಬಲ್ಲದು. ಇದೇನು ಕಡಿಮೆ ಸಂಪಾದನೆಯಲ್ಲ.

ಇಲ್ಲಿ ಎದುರಾಗುವ ದೊಡ್ಡ ಆಕ್ಷೇಪ: ಅದು ನಂಬುವುದು ನಿಮ್ಮನ್ನಲ್ಲ, ಮೀನಿನ ತಲೆಯನ್ನು. ಹೊಟ್ಟೆಪಾಡನ್ನು ಪ್ರೀತಿ ಎಂದು ತಿಳಿಯುವುದು ಭ್ರಮೆ. ಈ ಮಾತಿಗೆ ಉತ್ತರ ತಟ್ಟೆಯ ಮುಂದೆಯೇ ಇದೆ. ಹೊಸಬನ ಎದುರು ಉಣ್ಣುವ ಬೀದಿಬೆಕ್ಕನ್ನು ಗಮನಿಸಿ. ಬಾಯಿ ತಟ್ಟೆಯಲ್ಲಿ, ಒಂದು ಕಿವಿ ನಮ್ಮ ಕಡೆ, ಇನ್ನೊಂದು ಗೇಟಿನ ಕಡೆ. ಹಿಂಗಾಲು ಅರ್ಧ ಮಡಿಸಿ ಜಿಗಿಯಲು ಸಿದ್ಧ. ತುತ್ತನ್ನು ಕಚ್ಚಿಕೊಂಡು ಎರಡು ಮಾರು ದೂರ ಒಯ್ದು ತಿನ್ನುತ್ತದೆ. ಹಸಿವು ಅದನ್ನು ಕರೆತಂದಿದೆ, ನಿಲ್ಲಿಸಿಲ್ಲ. ಅದೇ ಬೆಕ್ಕು ಒಂದು ದಿನ ನಮ್ಮ ಕಡೆ ಬೆನ್ನು ಹಾಕಿ ಕೂತು, ಊಟ ಮುಗಿದ ಮೇಲೂ ಅಲ್ಲೇ ಮೈ ನೆಕ್ಕಿಕೊಳ್ಳುತ್ತದೆ. ಮೀನು ಮೊದಲ ದಿನವೂ ಇತ್ತು, ಬೆನ್ನು ಹಾಕುವ ಧೈರ್ಯ ಇರಲಿಲ್ಲ. ಊಟ ಬಾಗಿಲು ತೆರೆಯುವ ಕೀಲಿ, ಒಪ್ಪೋಣ. ಆದರೆ ಒಮ್ಮೆ ಬಿಸಿ ತಟ್ಟಿದರೆ ಆ ಊಟವೇ ವೈರಿ. ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟ ಕಥೆ ಯಾರಿಗೆ ಗೊತ್ತಿಲ್ಲ? ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ವಿಕಟಕವಿಯ ಜಾಣತನಕ್ಕೆ ನಾವು ನಗುತ್ತೇವೆ, ಆದರೆ ಆ ಬೆಕ್ಕಿನ ಮಟ್ಟಿಗೆ ಕಥೆ ಪಕ್ಕಾ ವಾಸ್ತವ. (ಅಂದಹಾಗೆ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದೂ ಇಲ್ಲ, ಬಟ್ಟಲು ತುಂಬ ಹಾಲಿಟ್ಟು ಪುಣ್ಯ ಕಟ್ಟಿಕೊಳ್ಳುವವರು ಭೇದಿಯನ್ನೂ ಕಟ್ಟಿಕೊಡುತ್ತಾರೆ.) ಇನ್ನು ನೋಟದ ವಿಷಯ. ದುರುಗುಟ್ಟಿ ನೋಡುವುದು ಬೇಟೆಗಾರನ ಲಕ್ಷಣ. ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣನ್ನು ನಿಧಾನವಾಗಿ ಕಿರಿದಾಗಿಸಿ ಮುಚ್ಚಿದ ಅಪರಿಚಿತರ ಚಾಚಿದ ಕೈ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬಂದವು. ಮುಖದಲ್ಲಿ ಯಾವ ಭಾವವೂ ಇಲ್ಲದವರ ಬಳಿಗೆ ಅಷ್ಟಾಗಿ ಬರಲಿಲ್ಲ. ಕಣ್ಣು ಮುಚ್ಚಿದ ಬೆಕ್ಕನ್ನು ಕಪಟಿ ಎಂದವರು ನಾವು. ಬೆಕ್ಕಿಗೆ ಕಣ್ಣು ಮುಚ್ಚುವ ಮನುಷ್ಯನೇ ವಾಸಿ.

ಇಷ್ಟೆಲ್ಲ ಗಳಿಸಿ ಕೊನೆಗೆ ಬೋನಿಗೆ ದಬ್ಬುವುದಾದರೆ ಇದೆಂಥ ಸ್ನೇಹ ಎಂಬ ಆಕ್ಷೇಪ ಉಳಿದಿದೆ, ಇದೇ ನಿಜಕ್ಕೂ ಕಷ್ಟದ್ದು. ಊಟ ಹಾಕಿ ಸಂತಾನಹರಣ ಮಾಡಿಸದಿದ್ದರೆ ದಯೆ ಕೆಲವೇ ತಿಂಗಳಲ್ಲಿ ಬೀದಿಗೆಲ್ಲ ತಲೆನೋವು. ಬೆಕ್ಕಿನ ಗರ್ಭಾವಧಿ ಎರಡು ತಿಂಗಳ ಮೇಲೆ ಕೆಲವೇ ದಿನ, ವರ್ಷಕ್ಕೆ ಎರಡು ಮೂರು ಬಾರಿ ಈಯಬಲ್ಲದು. ಹಾಗಾಗಿ ಬೋನು ಬೇಕೇ ಬೇಕು. ಪಲಿತನ ಲೆಕ್ಕಕ್ಕೆ ಇದು ಮೋಸವೇ, ಅಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಮೋಸದ ಭಾರ ಯಾರ ಮೇಲೆ ಬೀಳಬೇಕೆಂಬುದನ್ನು ನಾವು ಏರ್ಪಡಿಸಬಹುದು. ಬಲ್ಲವರು ಬೋನಿನ ಬಾಗಿಲನ್ನು ತೆರೆದು ಕಟ್ಟಿ, ಹಲವು ದಿನ ಅದರೊಳಗೇ ಊಟವಿಟ್ಟು ರೂಢಿ ಮಾಡಿಸುತ್ತಾರೆ. ಬಾಗಿಲು ಬೀಳುವ ದಿನ ಅನ್ನ ಹಾಕುವವರು ಅಲ್ಲಿರದೆ ಬೇರೊಬ್ಬರು ಆ ಕೆಲಸ ಮಾಡುವುದು ಮೇಲು. ಶಸ್ತ್ರಚಿಕಿತ್ಸೆಯ ಗುರುತಿಗೆ ಕಿವಿಯ ತುದಿ ಕತ್ತರಿಸಿ ಹಿಡಿದಲ್ಲೇ ತಂದು ಬಿಟ್ಟ ಬೆಕ್ಕು ಕೆಲವು ದಿನ ಮುಖ ತೋರಿಸದಿರಬಹುದು. ಆಗ ಹುಡುಕಿಕೊಂಡು ಹೋಗಿ ರಮಿಸುವುದಕ್ಕಿಂತ ತಟ್ಟೆಯನ್ನು ಎಂದಿನ ಹೊತ್ತಿಗೆ ಇಟ್ಟು ಎಂದಿನಷ್ಟೇ ದೂರ ಸರಿದು ನಿಲ್ಲುವುದು ಒಳ್ಳೆಯದು. ಬೋನನ್ನು ಮಾತ್ರ ಅದರ ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಬೇಕು.