ಎರವಲು ಪಾತ್ರೆ

ನೆರೆಮನೆಯಿಂದ ಪಾತ್ರೆ ಎರವಲು ತರುವುದು ಸಣ್ಣ ಕೆಲಸವೇನಲ್ಲ. ಮನೆಯಲ್ಲಿ ಮದುವೆಯೋ ನಾಮಕರಣವೋ ಇದ್ದರೆ ಸರಿ. ಸುಮ್ಮನೆ ಹೋಗಿ "ಅಕ್ಕಾ, ಒಂದು ದೊಡ್ಡ ಪಾತ್ರೆ ಕೊಡಿ" ಎಂದರೆ "ಯಾಕೆ, ಯಾರು ಬರ್ತಾರೆ?" ಎಂಬ ವಿಚಾರಣೆ ಆಗಿಯೇ ಆಗುತ್ತದೆ. ಅದಕ್ಕೇ ಹಳೆಯ ಒಡಂಬಡಿಕೆಯ ಆ ಬಡ ವಿಧವೆಯ ಮೇಲೆ ನನಗೊಂದು ವಿಶೇಷ ಅಕ್ಕರೆ. ಗಂಡ ತೀರಿಹೋಗಿದ್ದಾನೆ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಮನೆಯಲ್ಲಿ ಉಳಿದಿರುವುದು ಒಂದು ಕುಡಿಕೆ ಎಣ್ಣೆ. ಪ್ರವಾದಿ ಎಲೀಷನ ಮುಂದೆ ಗೋಳು ಹೇಳಿಕೊಂಡರೆ ಅವನು ಕಾಸು ಕೊಡಲಿಲ್ಲ, ತಲೆ ಸವರಿ ಕಳಿಸಲೂ ಇಲ್ಲ. ನೆರೆಹೊರೆಯವರ ಹತ್ತಿರ ಬರಿದಾದ ಪಾತ್ರೆಗಳನ್ನು ಕೇಳಿ ತರುವಂತೆ, ಅದೂ ಧಾರಾಳವಾಗಿ ತರುವಂತೆ ಹೇಳಿದ.

ಸತ್ಯವೇದಕ್ಕೆ ಅವಸರ. ಎರಡು ಮಾತಿನಲ್ಲಿ ಬಾಗಿಲು ಮುಚ್ಚಿಸಿ ಎಣ್ಣೆ ಹೊಯ್ಯಿಸಿಬಿಡುತ್ತದೆ. ನನ್ನ ಮನಸ್ಸು ಮಾತ್ರ ಅವಳು ಪಾತ್ರೆ ಕೇಳುತ್ತ ನಡೆದ ಬೀದಿಯನ್ನು ಬಿಟ್ಟು ಕದಲುವುದಿಲ್ಲ. "ಏನು ತುಂಬಿಸೋಕೆ?" "ಎಣ್ಣೆ." "ಎಲ್ಲಿದೆ ಎಣ್ಣೆ?" ಇದಕ್ಕೆ ಅವಳು ಏನೆಂದಳೋ! ಸಾಲದ ಸುದ್ದಿ ಊರಿಗೆಲ್ಲ ಗೊತ್ತು. ಕೊಟ್ಟದ್ದು ಅಡವು ಸೇರೀತೆಂದು ಒಳ್ಳೆಯದನ್ನು ಅಟ್ಟಕ್ಕೇರಿಸಿ, ಬಾಯಿ ಮುಕ್ಕಾದ ಗಡಿಗೆಯನ್ನು ದಾಟಿಸಿದವರೂ ಇದ್ದಿರಬೇಕು. ನಮ್ಮ ಪಾತ್ರೆಗಳಿಗಾದರೆ ಅಂಚಿನಲ್ಲಿ ಹೆಸರು ಕೊರೆಸಿರುತ್ತೇವೆ. ಅವಳು ಯಾವುದು ಯಾರ ಮನೆಯದೆಂದು ನೆನಪಿಟ್ಟುಕೊಳ್ಳಬೇಕು.

ಆ ಒಂದೇ ಕುಡಿಕೆಯ ಎಣ್ಣೆಯಿಂದ ಎಲ್ಲ ಪಾತ್ರೆಗಳೂ ತುಂಬಿದವು, ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು. ಇನ್ನಷ್ಟು ಪಾತ್ರೆ ತಂದಿದ್ದರೆ ಇನ್ನಷ್ಟು ಎಣ್ಣೆ ಸಿಗುತ್ತಿತ್ತು ಎಂದು ಪಾದ್ರಿಗಳು ಪ್ರಸಂಗದಲ್ಲಿ ಹೇಳುವುದುಂಟು. ಆ ಲೆಕ್ಕ ನನಗೆ ರುಚಿಸದು, ಅದರಲ್ಲಿ ಒಂಚೂರು ವ್ಯಾಪಾರದ ವಾಸನೆಯಿದೆ. ನನಗೆ ದೊಡ್ಡದಾಗಿ ಕಾಣುವುದು ಕೊನೆಯ ಪಾತ್ರೆಯಲ್ಲ, ಮೊದಲನೆಯದು. ಆ ಕುಡಿಕೆಯ ಹೊರತು ಎಣ್ಣೆಯ ಸುಳಿವೇ ಇಲ್ಲದಾಗ ಮುಖ ಗಟ್ಟಿಮಾಡಿಕೊಂಡು ಮೊದಲ ಮನೆಯ ಕದ ತಟ್ಟಿದ್ದು. ಎಣ್ಣೆ ಮಾರಿ ಸಾಲ ತೀರಿಸಿದ ಮೇಲೆ ಅಷ್ಟೂ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜಿ ಜಿಡ್ಡು ತೆಗೆಯುವ ಕೆಲಸವೊಂದು ಬಾಕಿಯಿತ್ತಲ್ಲ! ಎರವಲು ತಂದ ಪಾತ್ರೆಯನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅವಳೂ ಒಂದೊಂದರ ತಳದಲ್ಲಿ ಒಂದಿಷ್ಟು ಎಣ್ಣೆ ಬಿಟ್ಟೇ ಕೊಟ್ಟಳೆಂದು ನಾನು ನಂಬಿದ್ದೇನೆ. ಆಧಾರ ಕೇಳಬೇಡಿ.

ನಮ್ಮ ಸಭೆಯಲ್ಲೊಬ್ಬ ಅಜ್ಜಿಗೆ ಈ ವಿಧವೆಯ ಜಾಣತನ ಪೂರ್ತಿ ಬಂದಿತ್ತು. ಮನೆಕೂಟದಲ್ಲಿ ಮೊಮ್ಮಗನ ಕೆಲಸಕ್ಕಾಗಿ ಕಣ್ಣೀರು ಹಾಕಿ ಪ್ರಾರ್ಥಿಸಿ, ಆಮೆನ್ ಆದದ್ದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಚಹಾದ ಲೋಟ ಅವನ ಕೈಗಿಡುತ್ತ ಕೇಳಿದರು: "ಮಗಾ, ಅರ್ಜಿ ಹಾಕಿದ್ದೀಯಾ?"

"ಇಲ್ಲಜ್ಜಿ, ಮೊದಲು ಪ್ರಾರ್ಥನೆ ಆಗಲಿ ಅಂತಿದ್ದೆ."

"ದೇವರಿಗೆ ನಾನು ಹೇಳಿದ್ದೀನಿ. ಕಂಪನಿಯವರಿಗೆ ಯಾರು ಹೇಳ್ತಾರೆ?"

ಪ್ರಾರ್ಥಿಸಿ ಕೆಲಸಕ್ಕೂ ಕೈಹಾಕುವುದನ್ನೇ ಪಂಡಿತಾ ರಮಾಬಾಯಿ ದೊಡ್ಡ ಪ್ರಮಾಣದಲ್ಲಿ ಮಾಡಿದರು ಎನ್ನಬಹುದು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಮುಂದೆ ಕ್ರೈಸ್ತರಾಗಿ, ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರನ ಕಥೆ ಓದಿ ಮೆಚ್ಚಿದ್ದರು. ಆತ ಹಣಕ್ಕಾಗಿ ಮನುಷ್ಯರ ಮುಂದೆ ಕೈಚಾಚದೆ ದೇವರನ್ನೇ ಕೇಳುತ್ತಿದ್ದ. ಹಾಗೆಂದು ಲೆಕ್ಕಪುಸ್ತಕವನ್ನು ದೇವರಿಗೆ ಬಿಟ್ಟವನಲ್ಲ, ಬಂದ ದೇಣಿಗೆಯನ್ನು ಬರೆದಿಟ್ಟು ವರ್ಷವರ್ಷವೂ ವರದಿ ಅಚ್ಚು ಹಾಕಿಸುತ್ತಿದ್ದ. 1896-97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದು ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಇರಿಸಿಕೊಂಡರು. ಅಷ್ಟು ಜನಕ್ಕೆ ಸೂರು ಕೂಡ ಇನ್ನೂ ಆಗಿರಲಿಲ್ಲ.

ಇವರೆಲ್ಲರ ನಡುವೆ ನನಗೆ ತೀರಾ ನಮ್ಮವನೆನಿಸುವವನು ಪ್ರವಾದಿ ಯೆರೆಮೀಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಅವನು ಸೆರೆಯಲ್ಲಿದ್ದಾನೆ. ಪಟ್ಟಣ ಬೀಳುತ್ತದೆಂದು ಸಾರಿದವನೂ ಅವನೇ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ನಾವಾಗಿದ್ದರೆ ಗಲಾಟೆ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆವು. ಅವನು ದೇವರ ಮಾತಿದೆಂದು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟ, ಸಾಕ್ಷಿ ಹಾಕಿಸಿದ, ಕ್ರಯಪತ್ರಕ್ಕೆ ಮುದ್ರೆ ಒತ್ತಿ, ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಪ್ರಾರ್ಥನೆಗೆ ಕುಳಿತದ್ದು ಇದಾದ ಮೇಲೆ. ಪ್ರಾರ್ಥನೆಯೋ, ಅರ್ಧ ತಕರಾರು: ಊರೇ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದೆಯಲ್ಲ ಸ್ವಾಮಿ, ಎಂಬ ಧಾಟಿ. ಸಂಶಯ ತೀರಿಸಿಕೊಂಡು ಸಹಿ ಹಾಕಿದವನಲ್ಲ, ಸಹಿ ಹಾಕಿ ಸಂಶಯ ಹೇಳಿಕೊಂಡವನು. ಈ ಕ್ರಮವೇ ಸರಿಯೆಂದು ನನಗೆ ತೋರುತ್ತದೆ. ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಆ ನಾಡಿನಲ್ಲಿ ಮತ್ತೆ ನಡೆಯುವುದೆಂಬ ಮಾತೇನೋ ಅವನಿಗೆ ಸಿಕ್ಕಿತು. ಆದರೆ ಆ ಹೊಲವನ್ನು ಅವನು ಉತ್ತನೆಂದು ಎಲ್ಲೂ ಬರೆದಿಲ್ಲ. ಯೆರೂಸಲೇಮ್ ಬಿದ್ದ ಮೇಲೆ ಉಳಿದ ಜನ ಅವನನ್ನು ಈಜಿಪ್ಟಿಗೆ ಕರೆದುಕೊಂಡು ಹೋದರು.