ಗುಜರಿಗೆ ಹಾಕುವ ಮುನ್ನ

ಹಳೆ ಕಂಪ್ಯೂಟರ್ ಆನ್ ಆಗದಿದ್ದರೆ ನಾವೆಲ್ಲ ಮೊದಲು ಅನ್ನೋದು ‘ಬೋರ್ಡು ಹೋಯ್ತು’ ಅಂತ. ಎಷ್ಟೋ ಸಲ ಬೋರ್ಡು ಚೆನ್ನಾಗೇ ಇರುತ್ತೆ. ಕೊಳೆ ಕೂತಿರೋದು ಕನೆಕ್ಟರ್‌ಗಳಲ್ಲಿ.

ಮುತ್ತತ್ತಿಯಲ್ಲಿ ನಮ್ಮ ದೊಡ್ಡಪ್ಪನ ಮನೆ ಕಾವೇರಿಗೆ ಹತ್ತಿರ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ. ಅಲ್ಲಿರುವ ವಿಂಡೋಸ್ 98 ಕಾಲದ ಪೆಂಟಿಯಮ್‌ನಲ್ಲಿ ದೊಡ್ಡಮ್ಮ ಹೇಳುತ್ತಿದ್ದ ಸೋಬಾನೆ ಪದಗಳಿವೆ. ಅವರು ಹೇಳಿದ ಹಾಗೇ ದೊಡ್ಡಪ್ಪ ‘ಬರಹ’ದಲ್ಲಿ ಟೈಪ್ ಮಾಡಿಟ್ಟದ್ದು. ದೊಡ್ಡಮ್ಮ ಈಗಿಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಕಳೆದ ಆಷಾಢದಲ್ಲಿ ಆನ್ ಮಾಡಿದರೆ ಪರದೆ ಕಪ್ಪು, ಬರೀ ಬೀಪ್ ಸದ್ದು. “ಸತ್ತೋಗದೆ ಕಣ್ ಮಗ, ಗುಜರಿಗೆ ಹಾಕ್ಬುಡು” ಅಂದ್ರು. ಅಂದವರು ಕೋಣೆ ಬಿಟ್ಟು ಕದಲಲಿಲ್ಲ.

ರ‍್ಯಾಮ್ ಕಾರ್ಡಿನ ಅಂಚಿಗೆ ಚಿನ್ನದ ಲೇಪನ ಇರುತ್ತೆ. ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ನಿಜ. ಆದರೆ ಲೇಪನ ಬಹಳ ತೆಳು; ಸವೆದ ಕಡೆ ಅಡಿಯ ನಿಕ್ಕಲ್, ತಾಮ್ರಕ್ಕೆ ತೇವ ತಾಗುತ್ತೆ. ತವರದ ಪಿನ್‌ಗಳ ಪಾಡು ಇನ್ನೂ ಕಷ್ಟ. ಮಷಿನ್ ಬಿಸಿಯಾಗಿ ತಣ್ಣಗಾದಾಗಲೆಲ್ಲ ಅವು ಕೂದಲೆಳೆಗಿಂತ ಕಡಿಮೆ ಜರುಗಿ, ಉಜ್ಜಿ, ಕಪ್ಪು ಪುಡಿ ಕಟ್ಟುತ್ತವೆ. ಅಲ್ಲಿಗೆ ಕರೆಂಟು ತಡವರಿಸುತ್ತೆ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಂಡೆ. ಮೆತ್ತನೆ ಬ್ರಶ್‌ನಿಂದ ಸ್ಲಾಟಿನ ಧೂಳು ತೆಗೆದು, ನೂಲು ಬಿಡದ ಬಟ್ಟೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಅಂಚು ಒರೆಸಿದೆ. ಬಟ್ಟೆ ಕಪ್ಪಾಯ್ತು. ರಬ್ಬರಿನಿಂದ ಉಜ್ಜಿದರೆ ಬೇಗ ಹೊಳೆಯುತ್ತೆ, ಆದರೆ ಚಿನ್ನವೂ ಸವೆಯುತ್ತೆ.

“ಒಲಿಗೆ ಮಿಸಿನ್ ಎಣ್ಣೆ ಅದೆ, ಒಂದ್ ತೊಟ್ಟು ಬಿಡ್ಲಾ?” ಅಂದ್ರು ದೊಡ್ಡಪ್ಪ. ಬೇಡ ಅಂದೆ. ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತೆ. ಕೊಬ್ಬರಿ ಎಣ್ಣೆಯಂತೂ ಕಮಟಿ ಅಂಟಾಗುತ್ತೆ. ಇದಕ್ಕೆಂದೇ ‘ಕಾಂಟ್ಯಾಕ್ಟ್ ಲೂಬ್ರಿಕೆಂಟ್’ ಸಿಗುತ್ತೆ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಸವರಿದರೆ ಸಾಕು. ಒತ್ತಿ ಕೂರಿಸಿದಾಗ ಪಿನ್ನು ಆ ಪದರವನ್ನು ಸರಿಸಿ ಲೋಹಕ್ಕೆ ಲೋಹ ಮುಟ್ಟುತ್ತೆ. ಸುತ್ತ ಉಳಿದದ್ದು ಗಾಳಿ, ತೇವ ತಡೆಯುತ್ತೆ, ಸವೆತವನ್ನೂ ತಗ್ಗಿಸುತ್ತೆ.

ಹಾರ್ಡ್‌ಡಿಸ್ಕ್ ಕೇಬಲ್ಲಿಗೂ ಹಾಗೇ ಮಾಡಿ, ಪೂರ್ತಿ ಆರಿದ ಮೇಲೆ ಆನ್ ಮಾಡಿದೆವು. ಒಂದೇ ಬೀಪ್. ಪರದೆ ಬೆಳಗಿತು. ಮೊದಲು ಪದಗಳ ಫೈಲನ್ನು ಎರಡು ಕಡೆ ಕಾಪಿ ಮಾಡಿದೆ. ದೊಡ್ಡಪ್ಪ ಒಂದು ಪದವನ್ನು ಗಟ್ಟಿಯಾಗಿ ಓದಲು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿದರು.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ, ಆನ್ ಮಾಡುವ ಮೊದಲು ಬೋರ್ಡಿನ ಬ್ಯಾಟರಿ ಸೋರಿದೆಯಾ ನೋಡಿ. ಕನೆಕ್ಟರ್ ಒರೆಸಿ. ಆಮೇಲೆ ಗುಜರಿಯ ಮಾತು.