ಪರಿಭಾಷೆಯೂ ಒಂದು ಅರ್ಜಿಯೂ

ಇಂಗ್ಲಿಷ್ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಗೆ ಭಾಷೆಗಿಂತ ಮೊದಲು ಎದುರಾಗುವುದು ಪರಿಭಾಷೆ. ಥೀಸಿಸ್, ಟಾಪಿಕ್ ಸೆಂಟೆನ್ಸ್, ಮೆಟಫರ್, ಐರನಿ, ಈಥಾಸ್, ಪೇಥಾಸ್, ಲೋಗಾಸ್ – ಹೀಗೆ ಹೆಸರುಗಳ ದಂಡೇ ಬಾಗಿಲಲ್ಲಿ ನಿಂತಿರುತ್ತದೆ. ಹುಡುಗರು ಮಗ್ಗಿ ಒಪ್ಪಿಸಿದಂತೆ ಇವುಗಳ ಲಕ್ಷಣಗಳನ್ನು ಒಪ್ಪಿಸುತ್ತಾರೆ. ಪರೀಕ್ಷೆಯ ಮರುದಿನ ಮರೆಯುತ್ತಾರೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಸರು ಗೊತ್ತಾದ ಮಾತ್ರಕ್ಕೆ ನೆಂಟಸ್ತನ ಬೆಳೆಯುವುದುಂಟೆ?

ಹುಟ್ಟಿದಾಗ ಈ ಶಬ್ದಗಳು ಇಷ್ಟು ಬಿಗುವಿನವಾಗಿರಲಿಲ್ಲ. ಥೀಸಿಸ್ ಎಂದರೆ ಗ್ರೀಕರಲ್ಲಿ 'ಇಟ್ಟದ್ದು' ಎಂದಷ್ಟೇ ಅರ್ಥ. ನಾಲ್ಕು ಜನರ ಮುಂದೆ ಇಟ್ಟ ಮಾತು. ಪ್ಯಾರಾಗ್ರಾಫ್ ಎಂದರೆ ಬರಹದ ಪಕ್ಕದಲ್ಲಿ ಎಳೆದ ಗೆರೆ; ಮಾತು ಇಲ್ಲಿ ತಿರುಗಿತೆಂದು ಓದುವವನಿಗೆ ಸೂಚನೆ. ಮೆಟಫರ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವುದು. 'ಮುಖವೇ ಚಂದ್ರ' ಎನ್ನುವಾಗ ನಾವು ಮಾಡುವುದೂ ಅದನ್ನೇ, ನಮ್ಮವರು ಅದನ್ನು ರೂಪಕವೆಂದರು. ಪ್ಯಾರಾದ ಮೊದಲ ವಾಕ್ಯವೇ ಅದರ ವಿಷಯವನ್ನು ಸೂಚಿಸಬೇಕೆಂದು ಅಬರ್ಡೀನಿನ ಪ್ರಾಧ್ಯಾಪಕ ಅಲೆಕ್ಸಾಂಡರ್ ಬೇನ್ 1866ರ ತನ್ನ ಪಠ್ಯಪುಸ್ತಕದಲ್ಲಿ ಬರೆದ. ಓದುವವನಿಗೆ ದಾರಿ ತಪ್ಪದಿರಲಿ ಎಂಬ ಕಾಳಜಿ ಇದರ ಹಿಂದಿನದು.

ಈ ಕಾಳಜಿ ಎಷ್ಟು ಕೆಲಸಕ್ಕೆ ಬರುತ್ತದೆಂಬುದನ್ನು ಈಚೆಗೆ ಪಕ್ಕದ ಮನೆಯವರ ಒಂದು ಅರ್ಜಿಯಲ್ಲಿ ಕಂಡೆ. ಆ ಮನೆಯ ಅಜ್ಜಿಗೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರುತ್ತಿತ್ತು. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಟ್ಟಿದ್ದರೂ ಡಿಸೆಂಬರಿನಿಂದ ಹಣ ನಿಂತಿತು. ಎರಡು ಅರ್ಜಿಗಳಿಗೆ ಉತ್ತರವಿರಲಿಲ್ಲ. ಮೂರನೆಯದರ ಭಾರ ಬಿ.ಎ. ಓದುವ ಮೊಮ್ಮಗಳ ಮೇಲೆ ಬಿತ್ತು; ಕಚೇರಿ ಹೊರರಾಜ್ಯದ್ದಾದ್ದರಿಂದ ಬರವಣಿಗೆ ಇಂಗ್ಲಿಷಿನಲ್ಲೇ ಆಗಬೇಕು. ಹುಡುಗಿ ಎರಡು ಪುಟ ಬರೆದು, ಅಜ್ಜಿಯನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದಳು. ಮೊದಲ ಪುಟವೆಲ್ಲ ವಿನಯ. ಎರಡನೆಯದರಲ್ಲಿ ತಾತನ ಸೇವೆ, ಕಣ್ಣೀರಿನ ಕಡಲು. ಹಣ ಬಂದಿಲ್ಲವೆಂಬ ಸಂಗತಿ ಕೊನೆಯ ಸಾಲಿನಲ್ಲಿ ಅಡಗಿ ಕುಳಿತಿತ್ತು.

"ಇದರಲ್ಲಿ ಥೀಸಿಸ್ ಯಾವುದಮ್ಮ?" ಎಂದೆ.

"ಅರ್ಜಿಗೂ ಥೀಸಿಸ್ ಇರುತ್ತಾ ತಾತ?"

"ನಿಮ್ಮಜ್ಜಿಗೆ ಬೇಕಾದ್ದೇನು, ಅದೇ."

ಆ ಸಾಲು ಮೇಲೆ ಬಂತು. ಪ್ರಮಾಣಪತ್ರ ಕೊಟ್ಟ ದಿನ, ಹಣ ನಿಂತ ತಿಂಗಳು, ಈಗ ಆಗಬೇಕಾದ ಕೆಲಸ – ಒಂದೊಂದು ಪ್ಯಾರಾಕ್ಕೆ ಒಂದೊಂದೇ ಸಂಗತಿ. ಕೇಳುವವನನ್ನು ಒಪ್ಪಿಸಲು ಮೂರು ದಾರಿಗಳೆಂದು ಅರಿಸ್ಟಾಟಲ್ ಹೇಳಿದನಷ್ಟೆ: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವ, ಮಾತಿನೊಳಗಿನ ತರ್ಕ. ದಿನಾಂಕಗಳ ಕ್ರಮ ಲೋಗಾಸ್ ಆಯಿತು. ಒಂದನ್ನೂ ಹೆಚ್ಚಿಸಿ ಹೇಳದ ಧಾಟಿ ಈಥಾಸ್ ಆಯಿತು. ಕಣ್ಣೀರಿನ ಕಡಲನ್ನು ತೆಗೆ ಎಂದಾಗ ಮಾತ್ರ ಹುಡುಗಿ ಒಪ್ಪಲಿಲ್ಲ. "ಪೇಥಾಸ್ ಬೇಡವಾ ತಾತ?"

ಅದುವರೆಗೆ ಸುಮ್ಮನಿದ್ದ ಅಜ್ಜಿ ಹೇಳಿದರು: "ಅಳೋದೆಲ್ಲ ಯಾಕೆ ಮೇಷ್ಟ್ರೇ? ಹದಿನೈದು ದಿನದಿಂದ ಬಿ.ಪಿ. ಮಾತ್ರೆ ಅರ್ಧ ಮಾಡಿ ನುಂಗ್ತಿದ್ದೀನಿ. ಅಷ್ಟು ಬರೀಲಿ, ಸಾಕು."

ಮೊಮ್ಮಗಳು ತಲೆಯೆತ್ತಿ ನೋಡಿದಳು. ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಕಡಲನ್ನು ತಾನೇ ಹೊಡೆದುಹಾಕಿ, ಆ ಒಂದು ವಾಕ್ಯವನ್ನು ಬರೆದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಬದುಕಿದ್ದೀನಿ ಅಂತ ಕಾಗದ ಕೊಟ್ಟೂ ಅಜ್ಜಿ ಇಲ್ಲ ಅನ್ನೋ ಹಾಗಾಯ್ತಲ್ಲ, ಐರನಿ ಅಂದ್ರೆ ಇದೇನಾ?"

"ಇದೇ. ಅರ್ಜಿಯಲ್ಲಿ ಬೇಡ, ನೋಟುಬುಕ್ಕಿನಲ್ಲಿ ಬರೆದುಕೋ" ಎಂದೆ.

ಒಂದು ಪುಟದ ಅರ್ಜಿ ಹೋಯಿತು. ಮೂರನೆಯ ವಾರ, ಇನ್ನೊಂದು ದಾಖಲೆ ಕಳುಹಿಸಿ ಎಂದು ಉತ್ತರ ಬಂತು. ಹಣವಲ್ಲ, ಉತ್ತರ, ಆದರೂ ಯಾರೋ ಓದಿದರೆಂಬುದಕ್ಕೆ ಅದು ಸಾಕ್ಷಿ. ಮಾತ್ರೆಯನ್ನಂತೂ ಅಜ್ಜಿ ಅಂದಿನಿಂದಲೇ ಇಡಿಯಾಗಿ ನುಂಗಬೇಕಾಯಿತು, ಮೊಮ್ಮಗಳ ಕಾವಲು.

1580ರಲ್ಲಿ ಫ್ರಾನ್ಸಿನ ಮಾಂಟೇನ್ ತನ್ನ ಬರಹಗಳನ್ನು 'ಎಸ್ಸೇ' ಎಂದು ಕರೆದಾಗ ಆ ಶಬ್ದಕ್ಕಿದ್ದ ಅರ್ಥ 'ಪ್ರಯತ್ನ' ಎಂದು. ಪ್ರಯತ್ನಪಡುವವನಿಗೆ ಲಕ್ಷಣಗಳಿಗಿಂತ ಪ್ರಶ್ನೆಗಳು ಹೆಚ್ಚು ನೆರವಾಗುತ್ತವೆ. ನಾನು ಹೇಳುವುದೇನು? ಯಾರಿಗೆ? ಅವರು ಏಕೆ ನಂಬಬೇಕು? ಇಷ್ಟನ್ನು ಕೇಳಿಕೊಂಡರೆ ನೋಟುಬುಕ್ಕಿನ ಶಬ್ದಗಳಲ್ಲಿ ಮುಕ್ಕಾಲು ಪಾಲು ತಾವಾಗಿ ತಿಳಿಯುತ್ತವೆ. ಉಳಿದ ಕಾಲು ಪರೀಕ್ಷೆಗೆ ಇರಲಿ.